ಟೇಟರನ ಪಾಲು

ಗರಾಜಿನ ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟಾಗಲೇ ಮೃಣಾಲಿನಿಗೆ ಏನೋ ಕಡಿಮೆಯಾಗಿದೆ ಅನ್ನಿಸಿತು. ಏನೆಂದು ಹೊಳೆಯಲು ಒಂದು ಕ್ಷಣ ಬೇಕಾಯಿತು. ಸದ್ದು. ಪ್ರತಿ ಬೆಳಗ್ಗೆ ಬಾಗಿಲಾಚೆಯಿಂದ ಗಂಟಲು ಕಟ್ಟಿದ ಮುದುಕನ ಹಾಗೆ ಗುರುಗುಡುತ್ತಿದ್ದ ಚಿಕ್ಕ ಫ್ರಿಜ್ಜಿನ ಸದ್ದು ಇರಲಿಲ್ಲ. ಬಾಗಿಲು ತೆರೆದಳು. ಟೆಕ್ಸಸ್ಸಿನ ಯೂಲೆಸ್ ಊರಿನ ಜುಲೈ ತಿಂಗಳ ಬಿಸಿ, ಗರಾಜು ತನ್ನೊಳಗೇ ಬಚ್ಚಿಟ್ಟುಕೊಂಡಿದ್ದ ನಿನ್ನೆಯ ಬಿಸಿ, ಮುಖಕ್ಕೆ ಬಡಿಯಿತು. ಅದರ ಬೆನ್ನಿಗೇ ವಾಸನೆ. ಆ ವಾಸನೆಗೆ ಅವಳೊಳಗೆ ಮೊದಲು ಎದ್ದು ನಿಂತದ್ದು ಅಸಹ್ಯವಲ್ಲ. ಮದ್ದೂರಿನ ಹಿತ್ತಿಲು, ಭಾನುವಾರದ ಬಿಸಿಲು, ಒರಳಿನ ಪಕ್ಕ ಈಳಿಗೆಮಣೆ ಹಾಕಿಕೊಂಡು ಕೂತ ಅಮ್ಮನ ಬೆನ್ನು. ಅಸಹ್ಯ ಆಮೇಲೆ ಬಂತು, ಅದೂ ತಾನಾಗಿ ಬಂದದ್ದಲ್ಲ. ಮನೆಗೆ ಯಾರೋ ಬಂದರೆಂದು ತಲೆಯ ಮೇಲೆ ಸೆರಗು ಎಳೆದುಕೊಳ್ಳುವಂತೆ ಅವಳೇ ಎಳೆದುಕೊಂಡದ್ದು. ಗರಾಜಿನಲ್ಲಿ ಯಾರೂ ಇರಲಿಲ್ಲ. ಗಂಡ ಪ್ರಭಂಜನ ಕೆಲಸದ ಮೇಲೆ ಹ್ಯೂಸ್ಟನ್ನಿಗೆ ಹೋಗಿ ನಾಳೆ ಬರುವವನಿದ್ದ. ಯಾರೂ ಇಲ್ಲದಲ್ಲೂ ತಾನು ಮೂಗು ಮುಚ್ಚಿಕೊಂಡು ನಿಂತಿರುವುದನ್ನು ಕಂಡು ಅವಳಿಗೆ ನಾಚಿಕೆಯಾಯಿತು.

ಗೋಡೆಯ ಪ್ಲಗ್ಗಿನ ಸ್ವಿಚ್ಚು ತಾನಾಗಿಯೇ ಟ್ರಿಪ್ ಆಗಿ ಕರೆಂಟು ಕಡಿದಿತ್ತು. ಫ್ರಿಜ್ಜಿನ ಕೆಳಗೆ ಸಿಮೆಂಟು ನೆಲದ ಮೇಲೆ ತಿಳಿಗೆಂಪು ನೀರು ಹರಿದು, ಅಂಚುಗಳಲ್ಲಿ ಒಣಗಿತ್ತು. ಬಾಗಿಲು ತೆಗೆದರೆ, ಫ್ರೀಜರಿನಲ್ಲಿ ಕಲ್ಲಿನಂತಿರಬೇಕಾಗಿದ್ದ ಪೊಟ್ಟಣಗಳೆಲ್ಲ ಮೆತ್ತಗಾಗಿ ಒಂದರ ಮೇಲೊಂದು ಒರಗಿದ್ದವು. ಒಂದು ದಿಂಬಿನಂತೆ ಉಬ್ಬಿತ್ತು. ಮೂಳೆಯ ಸಮೇತ ಅರೆದ ಕೋಳಿ, ಮೊಲ, ಟರ್ಕಿ. ಸಿಯಾಳ ಫೆರೆಟ್ ಟೇಟರನಿಗೆ ತಿಂಗಳಿಗಾಗುವ ಊಟ. ಸಿಯಾ ಪ್ರಭಂಜನನ ಮೊದಲ ಮದುವೆಯ ಮಗಳು. ಈಗ ತಾಯಿ ಹರ್ಷಿಣಿಯ ಜೊತೆ ಆಸ್ಟಿನ್ನಿನ ಆಚೆ ಲಿಯಾಂಡರಿನಲ್ಲಿರುತ್ತಾಳೆ. ವಸಂತದಲ್ಲಿ ಅವರು ಶಿಫ್ಟ್ ಆದ ಹೊಸ ಅಪಾರ್ಟ್‌ಮೆಂಟಿನಲ್ಲಿ ಫೆರೆಟ್ ಸಾಕುವಂತಿಲ್ಲವೆಂದು ಟೇಟರ್ ಇಲ್ಲಿಗೆ ಬಂದ. ಗೇಣುದ್ದವೂ ಕಾಲಿಲ್ಲದ, ಮೊಳದುದ್ದ ಮೈಯ ಕಂದು ಪ್ರಾಣಿ. ವಿಡಿಯೋದಲ್ಲಿ ಅವನನ್ನು ನೋಡಿದ ಪ್ರಭಂಜನನ ತಾಯಿ ಶಕುಂತಲಮ್ಮ ಮುಂಗುಸಿಯೆಂದೇ ತಿಳಿದು, ಬೆಳಗ್ಗೆ ಎದ್ದು ಇದರ ಮುಖ ನೋಡುವುದು ಒಳ್ಳೆಯದೆಂದು ಕೈ ಮುಗಿದಿದ್ದರು. ಅದು ಏನು ತಿನ್ನುತ್ತದೆಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ.

ಸ್ವಿಚ್ಚು ಒತ್ತಿದಳು. ಫ್ರಿಜ್ಜು ಕೆಮ್ಮಿ ಶುರುವಾಯಿತು. ಬಾಗಿಲು ಮುಚ್ಚಿಬಿಟ್ಟರೆ ಸಂಜೆಗೆಲ್ಲ ಮತ್ತೆ ಕಲ್ಲಾಗುತ್ತವೆ. ನೆಲ ಒರೆಸಿದರಾಯಿತು. ನಾಳೆ ಪ್ರಭಂಜನನ ಜೊತೆ ಸಿಯಾ ಬಂದು ನೋಡಿದರೆ ಎಲ್ಲ ಇದ್ದಲ್ಲೇ ಇರುತ್ತದೆ. ಈ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ, ಅದು ತನ್ನದೇ ಎಂದು ಒಪ್ಪಿಕೊಳ್ಳಲು ಅವಳಿಗೆ ಕಷ್ಟವಾಯಿತು. ಏಪ್ರಿಲಿನಲ್ಲಿ ಸಿಯಾ ಇದೇ ಜಾಗದಲ್ಲಿ ನಿಂತು, ಟೀಚರ್ ಪಾಠ ಮಾಡುವಂತೆ, ಒಂದೊಂದನ್ನೂ ಹೇಳಿಕೊಟ್ಟಿದ್ದಳು. ಪೊಟ್ಟಣವನ್ನು ಹಿಂದಿನ ದಿನವೇ ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ಫ್ರಿಜ್ಜಿನ ಕೆಳಗಿನ ಅರೆಯಲ್ಲೇ ಕರಗಿಸಬೇಕು, ಕಟ್ಟೆಯ ಮೇಲೆ ಬಿಡಬಾರದು. ಮೈಕ್ರೋವೇವ್ ಬೇಡ, ಮೂಳೆ ಬೆಂದರೆ ಚೂಪಾಗಿ ಸೀಳುತ್ತೆ. ಕರಗಿದ್ದನ್ನು ಮತ್ತೆ ಫ್ರೀಜ್ ಮಾಡಬಾರದು. ‘ಬೆಚ್ಚಗಾಗಿಹೋದರೆ ಕಸಕ್ಕೆ ಹಾಕಿಬಿಡಿ ಆಂಟಿ. ಹೊಟ್ಟೆ ನೋಯುತ್ತೆ ಅಂತ ಹೇಳೋಕೆ ಅವನಿಗೆ ಬರಲ್ಲ.’ ಹೇಳಿ ಮುಗಿಸಿ, ಹುಡುಗಿ ಆ ಫ್ರಿಜ್ಜನ್ನೂ, ಗರಾಜಿನ ಗೋಡೆಗಳನ್ನೂ ನೋಡಿದ್ದಳು. ‘ಇದು ಇಲ್ಲೇ ಇರುತ್ತಾ?’ ‘ಹೂಂ, ಅವನಿಗೇ ಅಂತ ಬೇರೆ ಫ್ರಿಜ್ಜು ತಂದಿದೀವಿ,’ ಎಂದಿದ್ದಳು ಮೃಣಾಲಿನಿ, ಉಡುಗೊರೆ ಕೊಡುವವಳ ದನಿಯಲ್ಲಿ. ಬೇರೆ ಫ್ರಿಜ್ಜು ತರುವ ಯೋಚನೆ ಪ್ರಭಂಜನನದಾಗಿರಲಿಲ್ಲ. ಅವಳದೇ.

ಒಂದು ಪೊಟ್ಟಣ ಕೈಗೆತ್ತಿಕೊಂಡಳು. ಅಂಗೈಯಷ್ಟೇ ಬೆಚ್ಚಗಿತ್ತು. ಎಲ್ಲವನ್ನೂ ದೊಡ್ಡ ಕಸದ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಅದನ್ನು ಇನ್ನೊಂದು ಚೀಲದೊಳಗಿಟ್ಟು ಹೊರಗಿನ ಡಬ್ಬಕ್ಕೆ ಹಾಕಿದಳು. ತಲೆಯ ಮೇಲೆ ಏರ್‌ಪೋರ್ಟಿನ ಕಡೆಗೆ ವಿಮಾನವೊಂದು ಹೊಟ್ಟೆ ತೋರಿಸಿಕೊಂಡು ಇಳಿಯುತ್ತಿತ್ತು. ಒಳಗೆ ಬಂದು ಸೋಪು ಹಾಕಿ ಕೈ ತೊಳೆದಳು, ಮತ್ತೊಮ್ಮೆ ತೊಳೆದಳು, ಬೆರಳು ಮೂಸಿ ನೋಡಿಕೊಂಡಳು. ಮೈಸೂರಿನಲ್ಲಿ ಕಾಲೇಜಿಗೆ ಹೋಗುವಾಗ ಬಾಡಿಗೆ ಕೋಣೆ ಕೊಟ್ಟಿದ್ದ ಮನೆಯಾಕೆ ಹೀಗೆಯೇ, ಊರಿಂದ ತಂದ ಅವಳ ಡಬ್ಬಿಯ ಮುಚ್ಚಳ ತೆಗೆದು ಮೂಸಿದ್ದರು. ಡಬ್ಬಿಯನ್ನು ಎರಡೇ ಬೆರಳಲ್ಲಿ ಹಿಡಿದು ಮೆಟ್ಟಿಲ ಮೇಲಿಟ್ಟು, ‘ಹೊರಗಡೆ ನಲ್ಲೀಲಿ ತೊಳ್ಕೊಂಡು ಬಾಮ್ಮ,’ ಎಂದಿದ್ದರು, ಬಹಳ ಮೃದುವಾಗಿ. ಆ ಮೃದುತ್ವವೇ ಕೆಟ್ಟದ್ದಾಗಿತ್ತು. ಬೈದಿದ್ದರೆ ಅವಳೂ ಬೈಯಬಹುದಿತ್ತು. ಅಂದಿನಿಂದ ಅವಳು ‘ನಾವು ಅಷ್ಟಾಗಿ ತಿನ್ನಲ್ಲ’ ಅನ್ನುವುದನ್ನು ಕಲಿತಳು, ಆಮೇಲೆ ‘ತಿನ್ನಲ್ಲ’ ಎನ್ನುವುದನ್ನು. ಮದುವೆಯಾದ ಹೊಸತರಲ್ಲಿ ಪ್ರಭಂಜನ, ‘ನಮ್ಮನೇಲಿ ಮಾಡಲ್ಲ ಅಂತ ನೀನು ಬಿಡಬೇಕಾಗಿಲ್ಲ,’ ಎಂದು ಹೇಳಿದ್ದ. ‘ನಂಗೇ ಬೇಡ,’ ಎಂದಿದ್ದಳು. ಸುಳ್ಳು ಅನ್ನಿಸಿರಲಿಲ್ಲ. ಎಷ್ಟೋ ವರ್ಷ ಹೇಳಿದ ಮೇಲೆ ಅದು ಸುಳ್ಳಾಗಿ ಉಳಿದಿರಲೂ ಇಲ್ಲ.

ಊಟದ ಮೇಜಿನ ಪಕ್ಕದ ಪಂಜರದಲ್ಲಿ ಟೇಟರ್ ಎದ್ದಿದ್ದ. ಖಾಲಿ ಬಟ್ಟಲನ್ನು ಮೂತಿಯಿಂದ ಸರಳುಗಳಿಗೆ ಗುದ್ದುತ್ತಿದ್ದ. ಫೆರೆಟ್ಟಿನ ಕರುಳು ಗಿಡ್ಡ, ಬಹಳ ಹೊತ್ತು ಹಸಿದಿರಲಾರದು. ಇದೂ ಸಿಯಾಳ ಪಾಠವೇ. ಫಾರ್ಮರ್ಸ್ ಬ್ರಾಂಚ್ ಎಂಬ ಪಕ್ಕದ ಊರಿನಲ್ಲಿದ್ದ ತನ್ನ ಆಫೀಸಿಗೆ ಇವತ್ತು ತಡವಾಗುತ್ತದೆಂದು ಮೆಸೇಜು ಹಾಕಿ, ಸಿಯಾಳಿಗೆ ಫೋನ್ ಮಾಡಿದಳು. ತಾನಾಗಿ ಅವಳಿಗೆ ಫೋನ್ ಮಾಡುತ್ತಿರುವುದು ಇದೇ ಮೊದಲೆಂಬುದು ರಿಂಗಾಗುವಾಗ ಗೊತ್ತಾಯಿತು.

“ಆಂಟಿ?” ನಿದ್ದೆಗಣ್ಣಿನ ದನಿ ತಟ್ಟನೆ ಚೂಪಾಯಿತು. “ಟೇಟರ್ ಓಕೆನಾ?”

“ಅವನು ಚೆನ್ನಾಗಿದಾನೆ ಪುಟ್ಟಾ. ಅವನ ಊಟ ಹೋಯ್ತು. ಗರಾಜಲ್ಲಿ ಕರೆಂಟ್ ಕಟ್ ಆಗಿ ಎಲ್ಲಾ ಬೆಚ್ಚಗಾಗಿಬಿಟ್ಟಿತ್ತು. ಎಲ್ಲಾ ಎಸೆದೆ.”

ಸಿಯಾಳಿಗೆ ಕನ್ನಡ ಪೂರಾ ಅರ್ಥವಾಗುತ್ತದೆ. ಉತ್ತರ ಮಾತ್ರ ಹೆಚ್ಚಾಗಿ ಇಂಗ್ಲಿಷಿನಲ್ಲಿ. “ಗರಾಜು,” ಎಂದಳು. “ಟೆಕ್ಸಸ್‌ನಲ್ಲಿ. ಜುಲೈನಲ್ಲಿ.” ಆಮೇಲೆ, ಸಿಟ್ಟೇ ಇಲ್ಲದೆ, ಬಸ್ಸು ಯಾವ ಕಡೆಯಿಂದ ಬರುತ್ತದೆಂದು ಹೇಳುವವಳಂತೆ, “ನನ್ನದೆಲ್ಲಾ ನಿಮ್ಮನೇಲಿ ಅಲ್ಲಿಗೇ ಹೋಗುತ್ತೆ,” ಎಂದಳು.

ಮೃಣಾಲಿನಿ ಫೋನು ಕಿವಿಗೊತ್ತಿಕೊಂಡು ನಿಂತಳು. ಸಿಯಾಳ ಸೈಕಲ್ಲು, ಚಿಕ್ಕಂದಿನ ಪುಸ್ತಕಗಳ ಪೆಟ್ಟಿಗೆ, ಗೋಡೆಯಿಂದ ಇಳಿಸಿದ ಹಳೆಯ ಫೋಟೋಗಳು. ಒಂದೊಂದಕ್ಕೂ ಕಾರಣವಿತ್ತು, ಒಂದೊಂದನ್ನೂ ಮೃದುವಾಗಿಯೇ ಅಲ್ಲಿಟ್ಟಿದ್ದಳು. ‘ಹಾಗಲ್ಲ’ ಅನ್ನಲು ಬಾಯಿ ತೆರೆದವಳಿಗೆ, ಅದು ಹಾಗೆಯೇ ಇದೆ ಅನ್ನಿಸಿತು.

“ನೀನು ಹೇಳಿದ್ದು ನಿಜ,” ಎಂದಳು. “ಈಗ ಅವನಿಗೆ ಏನು ಕೊಡಲಿ? ನೀನೇ ಹೇಳು, ಮಾಡ್ತೀನಿ.”

ಸಿಯಾ ಇದನ್ನು ನಿರೀಕ್ಷಿಸಿರಲಿಲ್ಲ. ಹಾಸಿಗೆಯಲ್ಲಿ ಎದ್ದು ಕೂತ ಸದ್ದು ಕೇಳಿಸಿತು. ಆ ಪೊಟ್ಟಣ ಸಿಗುವ ಅಂಗಡಿಗೆ ಹೊಸ ಸ್ಟಾಕು ಬರುವುದು ನಾಳೆ. ಇವತ್ತಿಗೆ ಚಿಕನ್ ತೊಡೆ, ಗುಂಡಿಗೆ, ಸ್ವಲ್ಪವೇ ಲಿವರ್ ನಡೆಯುತ್ತದೆ. ಫ್ರೆಶ್ ಆಗಿರಬೇಕು, ಉಪ್ಪುನೀರಿನಲ್ಲಿ ನೆನೆಸಿಟ್ಟದ್ದಾಗಿರಬಾರದು. “ಆದ್ರೆ ನೀವು ಅದನ್ನ ಮುಟ್ಟಬೇಕಾಗುತ್ತೆ ಆಂಟಿ,” ಎಂದು ತಡವರಿಸಿದಳು. “ಕಟ್ ಮಾಡಬೇಕು. ನಿಮಗೆ ಅದು ಆಗಲ್ಲ ಅಲ್ವಾ?”

“ಆಗುತ್ತೆ,” ಎಂದಳು ಮೃಣಾಲಿನಿ.

ಹೈವೇ ಪಕ್ಕದ ಹಲಾಲ್ ಅಂಗಡಿಯನ್ನು ಅವಳು ಎಷ್ಟೋ ಸಲ ದಾಟಿಹೋಗಿದ್ದಳು, ಬೋರ್ಡಿನ ಕಡೆ ನೋಡದಂತೆ ನೋಡುತ್ತ. ಒಳಗೆ ಎಸಿ ಥಣ್ಣಗಿತ್ತು. ಗಾಜಿನಾಚೆ ಕೋಳಿಗಳು ಸಾಲಾಗಿ ಮಲಗಿದ್ದವು. ಯಾರಾದರೂ ಕನ್ನಡ ಸಂಘದವರು ಇದ್ದಾರೆಯೇ ಎಂದು ಅವಳ ಕಣ್ಣು ತಾನಾಗಿಯೇ ಸುತ್ತ ಆಡಿ ಬಂತು. ಇರಲಿಲ್ಲ, ಆದರೂ ಕತ್ತಿನ ಹಿಂದೆ ಯಾರೋ ನಿಂತಂತೆ. ಕೌಂಟರಿನವನು ಏನು ಬೇಕೆಂದು ಹಿಂದಿಯಲ್ಲಿ ಕೇಳಿದ. ನಾಯಿಮರಿಯೊಂದಕ್ಕೆ, ಸಾಕುಪ್ರಾಣಿಯೊಂದಕ್ಕೆ, ತನಗಲ್ಲ ಎಂದು ಹೇಳಲು ವಾಕ್ಯ ಜೋಡಿಸಿಕೊಂಡು ಬಂದಿದ್ದಳು. ಬಾಯಿಂದ ಬಂದದ್ದೇ ಬೇರೆ. ತೊಡೆ ಬಿಡಿಸದೆ ಹಾಗೆಯೇ ಕೊಡಿ, ನಾನೇ ಬಿಡಿಸಿಕೊಳ್ಳುತ್ತೇನೆ. ಗುಂಡಿಗೆ ಈ ಕಡೆಯವು ಬೇಡ, ಕಪ್ಪಾಗಿವೆ, ಅಲ್ಲಿ ಹಿಂದಿರುವವು. ಲಿವರಿನ ಜೊತೆ ಪಿತ್ತದ ಚೀಲ ಬಂದಿದೆಯೇ ತಿರುಗಿಸಿ ತೋರಿಸಿ. ಅವನು ತಿರುಗಿಸಿ ತೋರಿಸಿದ. ‘ಪಿತ್ತ ಒಡೆದೋದ್ರೆ ಎಲ್ಲಾ ಕಯ್ಯಾಯ್ತದೆ ಕಣವ್ವ, ನೋಡ್ಕೊಂಡು ಈಸ್ಕೊಂಬಾ,’ ಎಂದು ಅಮ್ಮ ಲೀಲಾವತಿ ಹಿತ್ತಿಲ ಬಾಗಿಲಿಂದ ಕೂಗುತ್ತಿದ್ದಳು, ಕೈಗೆ ಸ್ಟೀಲಿನ ಡಬ್ಬಿ ಕೊಟ್ಟು. ಲಂಗದ ಹುಡುಗಿ ಅಂಗಡಿಯ ಮುಂದೆ ದೊಡ್ಡವರ ನಡುವೆ ನುಗ್ಗಿ, ಕಟುಕನನ್ನು ದಬಾಯಿಸಿ, ಗೆದ್ದವಳಂತೆ ಮನೆಗೆ ಬರುತ್ತಿದ್ದಳು. ಆ ಹುಡುಗಿ ಎಲ್ಲಿ ಹೋಗಿದ್ದಳು? ಕಾರಿನ ಸೀಟಿನ ಮೇಲೆ ಚೀಲವನ್ನಿಟ್ಟು, ಎಸಿಯನ್ನು ಅದರ ಕಡೆಗೇ ತಿರುಗಿಸಿ, ಅವಳು ಸ್ವಲ್ಪ ಜೋರಾಗಿಯೇ ಡ್ರೈವ್ ಮಾಡಿದಳು.

ಗರಾಜಿಗೆ ಹೋಗಲಿಲ್ಲ. ನೇರವಾಗಿ ಅಡುಗೆಮನೆಗೆ ತಂದಳು. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ವಿಡಿಯೋ ಹಾಕಿದಳು. ಸಿಯಾ ಕೆದರಿದ ತಲೆಯಲ್ಲಿ, ಸೀರಿಯಲ್ ಬಟ್ಟಲು ಹಿಡಿದು ಕೂತಿದ್ದಳು. ಹಲಗೆ ಬೇರೆಯದಿರಲಿ, ತರಕಾರಿಯದು ಬೇಡ, ಎಂದಳು ಹುಡುಗಿ. ಮೃಣಾಲಿನಿ ಹೊಸ ಪ್ಲಾಸ್ಟಿಕ್ ಹಲಗೆ ತೆಗೆದಳು. ಪೊಟ್ಟಣ ಬಿಚ್ಚಿದಳು. ಅವಳ ಎಡಗೈ ತಾನಾಗಿಯೇ ನಲ್ಲಿಗೂ ಬಲಗೈ ಅರಿಸಿನದ ಡಬ್ಬಿಗೂ ಹೋದವು.

“ನೋ ನೋ ನೋ! ತೊಳೀಬೇಡಿ!” ಸಿಯಾ ಚಮಚ ಎತ್ತಿ ಕೂಗಿದಳು. ತೊಳೆದರೆ ನೀರು ಸಿಡಿದು ಸಿಂಕಿಗೆಲ್ಲ ಬ್ಯಾಕ್ಟೀರಿಯಾ ಹರಡುತ್ತದೆ. ಅರಿಸಿನ, ಉಪ್ಪು, ಯಾವುದೂ ಬೇಡ.

“ನಮ್ಮಮ್ಮ ಕೇಳಿದ್ರೆ ಎದೆ ಬಡ್ಕೋತಾರೆ,” ಎಂದುಬಿಟ್ಟಳು ಮೃಣಾಲಿನಿ. ಮಾತು ಹೊರಬಿದ್ದ ಮೇಲೆ ತಾನು ಏನು ಒಪ್ಪಿಕೊಂಡೆನೆಂದು ಅವಳಿಗೇ ಹೊಳೆಯಿತು. ತಲೆಯೆತ್ತಲಿಲ್ಲ. ಚಾಕುವಿನ ತುದಿಯಿಂದ ತೊಡೆಯ ಕೀಲನ್ನು ಹುಡುಕಿ, ಮಣಿಸಿ, ಟಕ್ಕೆಂದು ಬಿಡಿಸಿದಳು. ಕೈ ಮರೆತಿರಲಿಲ್ಲ. ತಾನು ಬಾಯಿಂದ ಹೇಳಿದ್ದಾವುದನ್ನೂ ಈ ಕೈ ಇಷ್ಟು ವರ್ಷ ನಂಬಿರಲೇ ಇಲ್ಲವೇನೋ ಅನ್ನಿಸಿತು. ಗುಂಡಿಗೆಗಳನ್ನು ಸೀಳಿದಳು, ಲಿವರಿನಿಂದ ಉಗುರಗಲದ ಚೂರನ್ನಷ್ಟೇ ತೆಗೆದಿಟ್ಟಳು, ಕೊಬ್ಬನ್ನು ಒಂದೇ ಎಳೆತಕ್ಕೆ ಬಿಡಿಸಿದಳು. ಫೋನಿನಲ್ಲಿ ಸೀರಿಯಲ್ ಅಗಿಯುವ ಸದ್ದು ನಿಂತಿತ್ತು.

“ಆಂಟಿ,” ಎಂದಳು ಸಿಯಾ. “ನೀವು ಇದನ್ನ ಮೊದಲು ಮಾಡಿದೀರಾ.”

“ಹೂಂ. ಚಿಕ್ಕವಳಿದ್ದಾಗ, ಭಾನುವಾರ ಭಾನುವಾರ. ಅಮ್ಮನ ಪಕ್ಕ ಕೂತು.”

“ಡ್ಯಾಡಿಗೆ ಗೊತ್ತಾ?”

“ಗೊತ್ತು. ನಂಗೇ ಮರೆತುಹೋಗಿತ್ತು.”

ಹುಡುಗಿ ಯೋಚಿಸಿದಳು. ಅವಳು ಯೋಚಿಸುವಾಗ ಕೆಳದುಟಿಯನ್ನು ಒಳಗೆಳೆದುಕೊಳ್ಳುವುದನ್ನು ಮೃಣಾಲಿನಿ ಈವರೆಗೆ ಗಮನಿಸಿರಲಿಲ್ಲ. “ಹಾಗಾದ್ರೆ ಗರಾಜ್ ಯಾಕೆ?”

ಬೇರೆ ಯಾರಾದರೂ ಕೇಳಿದ್ದರೆ ಅತ್ತೆಯವರ ಹೆಸರು ಹೇಳಬಹುದಿತ್ತು. ದೇವರ ಗೂಡು, ವಾಸನೆ, ಮನೆಗೆ ಬಂದು ಹೋಗುವವರು. “ಭಯ,” ಎಂದಳು. “ಯಾರಾದ್ರೂ ಫ್ರಿಜ್ ತೆಗೆದು ನೋಡಿ, ಇದು ಅವಳದ್ದೇ ಅಂದ್ಕೋತಾರೆ ಅಂತ.”

“ವಿಯರ್ಡ್,” ಎಂದಳು ಸಿಯಾ. ಆದರೆ ಆ ಮಾತಿನಲ್ಲಿ ಬೆಳಗ್ಗಿನ ದೂರ ಇರಲಿಲ್ಲ.

ಟೇಟರ್ ಮಾತ್ರ ತಿನ್ನಲಿಲ್ಲ. ಬಟ್ಟಲಿಗೆ ಮೂತಿ ಹಾಕಿ, ಮುಖ ತಿರುಗಿಸಿ, ಹಿಂದಕ್ಕೆ ಸರಿದ. ಅವನಿಗೆ ಗೊತ್ತಿದ್ದ ಊಟ ಇದಲ್ಲ. ಸಿಯಾಳ ಮುಖ ಬಿಗಿಯಿತು; ಫೆರೆಟ್ಟುಗಳು ರೂಢಿಯಿಲ್ಲದ್ದನ್ನು ಹಸಿದು ಸೊರಗಿದರೂ ಮುಟ್ಟದೆ ಇರಬಹುದಂತೆ. “ಬೆಚ್ಚಗೆ ಮಾಡಿ. ಮೈಕ್ರೋವೇವ್ ಬೇಡ.” ಮೃಣಾಲಿನಿ ಚೂರುಗಳನ್ನು ಜಿಪ್ ಚೀಲಕ್ಕೆ ಹಾಕಿ, ಗಾಳಿ ತೆಗೆದು, ಉಗುರುಬೆಚ್ಚಗಿನ ನೀರಿನ ಬಟ್ಟಲಲ್ಲಿಟ್ಟಳು. ತಣುಪು ಬಿಡುವವರೆಗೆ ಮೂವರೂ ಕಾದರು. ಆಮೇಲೆ ಅವಳು ನೆಲದ ಮೇಲೆ ಕೂತು, ಗುಂಡಿಗೆಯ ಒಂದು ಚೂರನ್ನು ಬೆರಳ ತುದಿಯಲ್ಲಿ ಹಿಡಿದಳು. ಈ ಪ್ರಾಣಿಯನ್ನು ಇಷ್ಟು ತಿಂಗಳು ಅವಳು ಚಮಚದ ಉದ್ದದಷ್ಟು ದೂರದಿಂದಲೇ ಸಾಕಿದ್ದಳು. ಬಾಯೊಳಗೆ ಸೂಜಿಗಳಂಥ ಹಲ್ಲು. ಟೇಟರ್ ಮೂಸಿದ, ಅವಳ ಬೆರಳನ್ನು ನೆಕ್ಕಿದ, ಮತ್ತೆ ನೆಕ್ಕಿದ, ನಂತರ ಬಹಳ ಎಚ್ಚರದಿಂದ ಚೂರನ್ನು ಮಾತ್ರ ಕಚ್ಚಿಕೊಂಡ. ಅಗಿದ. ಬಟ್ಟಲಿಗೆ ಬಂದು ಮೂತಿಯಿಟ್ಟ.

“ತಿಂತಿದಾನೆ!” ಎಂದು ಇಬ್ಬರೂ ಒಟ್ಟಿಗೆ ಕೂಗಿದರು.

ಹೊಟ್ಟೆ ತುಂಬಿದ ಮೇಲೆ ಅವನು ಕೊನೆಯ ತುಂಡನ್ನು ಕಚ್ಚಿಕೊಂಡು, ಬೆನ್ನು ಕಮಾನು ಮಾಡಿ ಕುಪ್ಪಳಿಸುತ್ತ, ಸೋಫಾದಡಿ ನುಗ್ಗಿಬಿಟ್ಟ. ಬಚ್ಚಿಡುತ್ತಾನೆ, ಬಿಡಬೇಡಿ, ಅಲ್ಲೇ ಕೊಳೆಯುತ್ತೆ ಎಂದು ಸಿಯಾ ಕಿರುಚಿದಳು. ಆಫೀಸಿನ ಅಂಗಿಯಲ್ಲೇ ಮೃಣಾಲಿನಿ ಹೊಟ್ಟೆಯ ಮೇಲೆ ಮಲಗಿ, ಫೋನಿನ ಟಾರ್ಚು ಬಿಟ್ಟು, ಸೋಫಾದ ಕೆಳಗೆ ತೋಳು ತೂರಿದಳು. ಮೂಲೆಯಲ್ಲಿ ಸಿಯಾಳದೊಂದು ಕಾಲುಚೀಲ, ರಿಮೋಟು, ಅವುಗಳ ನಡುವೆ ತುಂಡು. ಅದರ ಮೇಲೆ ಟೇಟರ್ ಒಡೆಯನಂತೆ ಕೂತಿದ್ದ. ಎಳೆದಾಟದಲ್ಲಿ ಸೋಫಾದ ಅಂಚಿಗೆ ಹಣೆ ತಾಗಿತು. ಫೋನಿನೊಳಗೆ ಹುಡುಗಿ ಬಿದ್ದು ಬಿದ್ದು ನಗುತ್ತಿರುವುದು ಕೇಳಿಸಿತು, ತಾನೂ ನಗುತ್ತಿರುವುದು ಆಮೇಲೆ ಗೊತ್ತಾಯಿತು. ಆ ಜಾಗವನ್ನು, ಬಟ್ಟಲನ್ನು, ಹಲಗೆಯನ್ನು ಬಿಸಿನೀರು ಸೋಪಿನಲ್ಲಿ ತೊಳೆದು ಒರೆಸುವವರೆಗೂ ಸಿಯಾ ಫೋನು ಇಡಲಿಲ್ಲ.

ಮಧ್ಯಾಹ್ನ ಅವಳು ಅಡುಗೆಮನೆಯ ದೊಡ್ಡ ಫ್ರಿಜ್ಜಿನ ಕೆಳಗಿನ ಅರೆಯನ್ನು ಖಾಲಿ ಮಾಡಿದಳು. ದೋಸೆಹಿಟ್ಟು, ಸೊಪ್ಪು ಮೇಲಕ್ಕೆ ಹೋದವು. ಉಳಿದ ಮಾಂಸವನ್ನು ಮುಚ್ಚಳದ ಗಾಜಿನ ಡಬ್ಬಿಯಲ್ಲಿಟ್ಟು ಅಲ್ಲಿಟ್ಟಳು. ಕೆಳಗೇ ಇರಬೇಕು, ಸೋರಿದರೆ ಬೇರೆಯದರ ಮೇಲೆ ಬೀಳಬಾರದು. ಈ ಲೆಕ್ಕದಲ್ಲಿ ಅವಮಾನವೇನೂ ಇಲ್ಲವೆಂದು ನೋಡಿ ಅವಳಿಗೆ ಸಮಾಧಾನವಾಯಿತು. ಸಂಜೆ ಹ್ಯೂಸ್ಟನ್ನಿನಿಂದ ಪ್ರಭಂಜನ ಫೋನ್ ಮಾಡಿದಾಗ ಎಲ್ಲ ಹೇಳಿದಳು. ಅವನು ಕೇಳಿಸಿಕೊಂಡ. ಒಳ್ಳೆಯ ಮನುಷ್ಯ, ಯಾರ ಮನಸ್ಸನ್ನೂ ನೋಯಿಸದಿರಲು ಎಲ್ಲವನ್ನೂ ನಾಳೆಗೆ ತಳ್ಳುವವನು.

“ಸರಿ ಬಿಡು, ಸದ್ಯಕ್ಕೆ ಅಲ್ಲೇ ಇರಲಿ,” ಎಂದ. “ಅಕ್ಟೋಬರಲ್ಲಿ ಅಮ್ಮ ಬಂದಾಗ ಏನಾದ್ರೂ ಮಾಡೋಣ.”

“ಅಮ್ಮ ಬಂದಾಗಲೂ ಅಲ್ಲೇ ಇರುತ್ತೆ,” ಎಂದಳು. “ಅವನು ಏನು ತಿಂತಾನೆ ಅಂತ ನಾನೇ ಅವರಿಗೆ ಹೇಳ್ತೀನಿ. ನಾನು ಏನು ತಿಂದು ಬೆಳೆದೆ ಅಂತಾನೂ.”

“ನಾನೂ ಜೊತೇಲಿ ಇರ್ತೀನಿ, ಹೇಳುವಾಗ,” ಎಂದ ಪ್ರಭಂಜನ. “ಅವರು ಒಂದೆರಡು ದಿನ ಮುಖ ಊದಿಸ್ಕೋಬಹುದು.”

“ಊದಿಸ್ಕೊಳ್ಳಲಿ.”

ಮಾರನೆಯ ದಿನ ಅವನು ಹ್ಯೂಸ್ಟನ್ನಿನಿಂದ ಲಿಯಾಂಡರಿಗೆ ಹೋಗಿ ಮಗಳನ್ನು ಕೂರಿಸಿಕೊಂಡು, ದಾರಿಯಲ್ಲಿ ಪೊಟ್ಟಣಗಳನ್ನೂ ಐಸ್ ಪೆಟ್ಟಿಗೆಯಲ್ಲಿ ತುಂಬಿಸಿಕೊಂಡು ಬಂದ. ಮೃಣಾಲಿನಿ ಬೆಳಗ್ಗಿನಿಂದ ಮನೆಯೆಲ್ಲ ಓಡಾಡಿದ್ದಳು. ಫೋನಿನಲ್ಲಿ ನಕ್ಕ ಹುಡುಗಿ ಎದುರಿಗೆ ಬಂದಾಗ ಮತ್ತೆ ಮೊದಲಿನವಳೇ ಆಗಿಬಿಡಬಹುದು, ಅಷ್ಟಕ್ಕೇ ಆಸೆ ಪಡಬಾರದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹಾಗೆಯೇ ಆಯಿತು ಕೂಡ. ಸಿಯಾ ಬಾಗಿಲಲ್ಲಿ “ಹಾಯ್” ಎಂದಷ್ಟೇ ಹೇಳಿ, ಶೂ ಒದ್ದು ಕಳಚಿ, ಟೇಟರನ ಪಂಜರಕ್ಕೆ ಓಡಿದಳು. ಪ್ರಭಂಜನ ಪೆಟ್ಟಿಗೆ ತಂದು ಕಟ್ಟೆಯ ಮೇಲಿಟ್ಟು, ಏನನ್ನೂ ಕೇಳದೆ, ಅಡುಗೆಮನೆಯ ಫ್ರೀಜರಿನಲ್ಲಿ ಬಟಾಣಿಯ ಪಕ್ಕಕ್ಕೆ ಪೊಟ್ಟಣಗಳನ್ನು ಜೋಡಿಸತೊಡಗಿದ. ಮೃಣಾಲಿನಿ ಅನ್ನಕ್ಕೆ ಇಟ್ಟಳು. ಕುಕ್ಕರಿನ ಮುಂದೆ ನಿಂತು, ಇಷ್ಟಾದರೂ ಆಯಿತಲ್ಲ ಅಂದುಕೊಂಡಳು.

“ಆಂಟಿ.” ಸಿಯಾ ಬಾಗಿಲಲ್ಲಿ ನಿಂತಿದ್ದಳು. ಒಂದು ತೋಳಿನ ಮೇಲೆ ಟೇಟರ್ ಶಾಲಿನಂತೆ ಇಳಿಬಿದ್ದಿದ್ದ. ಇನ್ನೊಂದು ಕೈಯಲ್ಲಿ ಚಿಕ್ಕ ಉಗುರುಕತ್ತರಿ. ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದವಳಂತೆ, ಒಂದೊಂದೇ ಪದ ಇಟ್ಟಳು. “ಇವನ ಉಗುರು ಕಟ್ ಮಾಡಬೇಕು. ಒಬ್ಬಳಿಗೇ ಆಗಲ್ಲ. ನೀವು ಹಿಡ್ಕೋತೀರಾ?”

ಪ್ರಭಂಜನ, “ನಾನು ಬರ್ಲಾ?” ಎಂದ.

“ನೀನಲ್ಲ ಡ್ಯಾಡಿ. ಆಂಟಿ.”

ಮೃಣಾಲಿನಿ ಸ್ಟವ್ ಸಣ್ಣಗೆ ಮಾಡಿ, ಕೈ ಒರೆಸಿಕೊಂಡು ಬಂದಳು. ಕಿಟಕಿಯ ಬಿಸಿಲಿನಲ್ಲಿ ಇಬ್ಬರೂ ಎದುರುಬದುರಾಗಿ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. ಸಿಯಾ ಅವನನ್ನು ಅವಳ ಮಡಿಲಲ್ಲಿ ಅಂಗಾತ ಮಲಗಿಸಿ, ಹೊಟ್ಟೆಯ ಮೇಲೆ ಒಂದು ಹನಿ ಮೀನೆಣ್ಣೆ ಬಿಟ್ಟಳು. ಅವನು ಅದನ್ನು ನೆಕ್ಕುವುದರಲ್ಲೇ ಮುಳುಗಿಹೋದ. ಮೃಣಾಲಿನಿಯ ಎರಡೂ ಅಂಗೈಗಳ ನಡುವೆ ಬಿಸಿಯಾದ, ಎಲುಬೇ ಇಲ್ಲದಂಥ ಮೈ. ಅದರೊಳಗೆ ಎಣಿಸಲಾಗದಷ್ಟು ವೇಗವಾಗಿ ಹೊಡೆದುಕೊಳ್ಳುತ್ತಿದ್ದ ಎದೆ. ಎಲ್ಲಿ ಜಾರುತ್ತಾನೋ ಎಂದು ಅವಳ ಬೆರಳುಗಳು ಬಿಗಿದುಕೊಂಡವು. ಟೇಟರ್ ಕೊಸರಿದ. ಸಿಯಾ ಕತ್ತರಿ ಕೆಳಗಿಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿ, ಸರಿಯಾದ ಜಾಗದಲ್ಲಿ ಕೂರಿಸಿದಳು.

“ಅಷ್ಟು ಗಟ್ಟಿಯಾಗಿ ಬೇಡ,” ಎಂದಳು ಹುಡುಗಿ, ಮೊದಲ ಪಂಜವನ್ನು ಕೈಗೆ ತೆಗೆದುಕೊಳ್ಳುತ್ತ. “ಬಿಡಬೇಡಿ, ಅಷ್ಟೇ.”